ಮನೆಯಲ್ಲಿದ್ದು ಓದುವ ರೈತಮಕ್ಕಳೂ ಅಂತರ್ಜಾಲದ ಮೋಸಗಳೂ

ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ನೆರೆಯುವ ದನಗಳ ಜಾತ್ರೆಯು ಮೈಸೂರು ಸೀಮೆಯ ರೈತರಿಗೆಲ್ಲ ಪರಿಚಿತವಾದುದು. ಕಾವೇರಿಯು ಬಂಡೆಗಳ ಮೇಲಿನಿಂದ ಧುಮುಕುವ ಸ್ಥಳಕ್ಕೆ ಸಮೀಪದಲ್ಲಿ, ಕೋದಂಡರಾಮಸ್ವಾಮಿಯ ದೇವಸ್ಥಾನದ ಆಚೀಚಿನ ಬಯಲಿನಲ್ಲಿ, ಹಳ್ಳಿಕಾರ್ ತಳಿಯ ಜೋಡಿಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಅಲ್ಲಿ ಎತ್ತು ಕೊಳ್ಳುವ ರೈತನು ಬಾಯಿ ತೆರೆಯಿಸಿ ಹಲ್ಲು ನೋಡುತ್ತಾನೆ. ಗೊರಸನ್ನೂ ಸುಳಿಯನ್ನೂ ಪರೀಕ್ಷಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮಾರುವವನ ಊರು ಯಾವುದೆಂದು ವಿಚಾರಿಸುತ್ತಾನೆ. ಇಷ್ಟು ಎಚ್ಚರಿಕೆಯುಳ್ಳ ಅದೇ ರೈತನು, ಮಗನ ಅಥವಾ ಮಗಳ ವಿದ್ಯಾಭ್ಯಾಸದ ಸಲುವಾಗಿ ಮೊಬೈಲಿಗೆ ಬಂದ ಒಂದು ಸಂದೇಶವನ್ನು ನಂಬಿ, ಎಂದೂ ಮುಖ ನೋಡದವನಿಗೆ ಕ್ಷಣಮಾತ್ರದಲ್ಲಿ ಹಣ ಕಳುಹಿಸುವುದುಂಟು. ಎತ್ತಿನ ಹಲ್ಲನ್ನು ನೋಡಲು ಹಿರಿಯರು ಕಲಿಸಿದ್ದಾರೆ. ಸಂದೇಶದ ಹಲ್ಲನ್ನು ನೋಡುವುದನ್ನು ಇನ್ನು ಕಲಿಯಬೇಕಾಗಿದೆ. ಅದರ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಇದು ವ್ಯವಸಾಯಕ್ಕೆ ಸೇರಿದ ವಿಷಯವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಕಡೆಗಳಲ್ಲಿ ಅನೇಕ ಮನೆಗಳಲ್ಲಿ ಅಂತರ್ಜಾಲವುಳ್ಳ ಮೊಬೈಲು ಒಂದೇ ಇರುತ್ತದೆ. ಹಗಲೆಲ್ಲ ಯಜಮಾನನ ಜೇಬಿನಲ್ಲಿದ್ದು ಸಂಜೆ ಮಕ್ಕಳ ಕೈಗೆ ಬರುವ ಆ ಮೊಬೈಲಿನ ಸಂಖ್ಯೆಯೇ ಬ್ಯಾಂಕಿನ ಖಾತೆಗೂ ಸೇರಿರುತ್ತದೆ. ಹರಾಜು ಕಟ್ಟೆಯಲ್ಲಿ ಮಾರಿದ ಹೊಗೆಸೊಪ್ಪಿನ ಹಣ, ಭತ್ತದ ಹಣ, ಬೆಳೆಸಾಲ, ಪಿ.ಎಂ. ಕಿಸಾನ್ ಕಂತು, ಇವೆಲ್ಲವೂ ಬಂದು ಬೀಳುವುದು ಆ ಖಾತೆಗೇ. ಆದಕಾರಣ ಓದುವ ಹುಡುಗನಿಗೆಂದು ಒಡ್ಡಿದ ಬಲೆಯಲ್ಲಿ ಸಿಕ್ಕಿಬೀಳುವುದು ಹುಡುಗನ ಶುಲ್ಕ ಮಾತ್ರವಲ್ಲ, ಮನೆಯ ಒಂದು ವರ್ಷದ ಬೆಳೆಯೂ ಆಗಬಹುದು.

ದೂರಶಿಕ್ಷಣದ ಸ್ಥಿತಿ

ಮನೆಯಲ್ಲಿದ್ದುಕೊಂಡು ಓದುವ ಪದ್ಧತಿಯು ಈ ಸೀಮೆಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿಯೇ ಅಂಚೆಯ ಮೂಲಕ ಪಾಠ ಹೇಳುವ ಏರ್ಪಾಡನ್ನು ಪ್ರಾರಂಭಿಸಿತು; ಅದರಿಂದಲೇ ೧೯೯೬ರಲ್ಲಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಹೊಲದ ಕೆಲಸವನ್ನು ಬಿಡಲಾಗದ ಯುವಕರಿಗೂ, ಮದುವೆಯಾಗಿ ಓದು ನಿಂತುಹೋದ ಹೆಣ್ಣುಮಕ್ಕಳಿಗೂ ಇದರಿಂದ ಪದವಿ ಪಡೆಯುವ ಮಾರ್ಗವು ತೆರೆಯಿತು. ೨೦೧೭ರಲ್ಲಿ ಕೇಂದ್ರ ಸರ್ಕಾರವು ಸ್ವಯಂ ಎಂಬ ಅಂತರ್ಜಾಲ ವಿದ್ಯಾವೇದಿಕೆಯನ್ನು ಏರ್ಪಡಿಸಿತು. ಇದರಲ್ಲಿ ಪಾಠಗಳಿಗೆ ಶುಲ್ಕವಿಲ್ಲ. ಪ್ರಮಾಣಪತ್ರಕ್ಕಾಗಿ ಪರೀಕ್ಷೆಗೆ ಕುಳಿತುಕೊಳ್ಳುವವರು ಮಾತ್ರ ಪರೀಕ್ಷಾಶುಲ್ಕವನ್ನು ಕೊಡಬೇಕಾಗುತ್ತದೆ. ೨೦೨೦ರಲ್ಲಿ ಕೋವಿಡ್ ರೋಗದ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಪಾಠಕ್ರಮವು ಪ್ರಸಾರವಾಯಿತು. ಮೊಬೈಲಿನಲ್ಲಿ ಪಾಠ ಕೇಳುವ ಅಭ್ಯಾಸವು ಹಳ್ಳಿಹಳ್ಳಿಗೂ ಹಬ್ಬಿತು.

ನಾಲೆಯಲ್ಲಿ ನೀರು ಹರಿದಲ್ಲಿ ಬೆಳೆಯ ಜೊತೆಗೆ ಕಳೆಯೂ ಹುಟ್ಟುತ್ತದೆ. ಪೈರಿಗೂ ಕಳೆಗೂ ಭೇದವನ್ನರಿಯದೆ ನಾಲೆಯನ್ನೇ ಮುಚ್ಚುವುದು ವಿವೇಕವಲ್ಲ. ಭೇದವನ್ನರಿತು ಕಳೆಯನ್ನು ಕೀಳುವುದೇ ಸರಿ. ಮೋಸಕ್ಕೆ ಅಂಜಿ ಮಕ್ಕಳ ಕೈಯಿಂದ ಮೊಬೈಲನ್ನು, ಅದರಲ್ಲಿಯೂ ಹೆಣ್ಣುಮಕ್ಕಳ ಕೈಯಿಂದ, ಕಿತ್ತುಕೊಂಡರೆ ಓದೂ ನಿಂತುಹೋಗುವುದು.

ಮೋಸದ ಮುಖ್ಯವಾದ ಬಗೆಗಳು

೧. ವಿದ್ಯಾರ್ಥಿವೇತನದ ಹೆಸರಿನ ಮೋಸ.—ರೈತರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು ೨೦೨೧ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಎಂಬ ವಿದ್ಯಾರ್ಥಿವೇತನವನ್ನು ಪ್ರಾರಂಭಿಸಿತು. ಆಗ ಗೊತ್ತುಮಾಡಿದ ವಾರ್ಷಿಕ ದರಗಳು ಹೀಗಿದ್ದುವು: ಪಿ.ಯು.ಸಿ., ಐ.ಟಿ.ಐ. ಮತ್ತು ಡಿಪ್ಲೊಮಾ ಓದುವ ಗಂಡುಮಕ್ಕಳಿಗೆ ೨,೫೦೦ ರೂಪಾಯಿ, ಹೆಣ್ಣುಮಕ್ಕಳಿಗೆ ೩,೦೦೦, ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಂತಾದ ಪದವಿಗಳಿಗೆ ೫,೦೦೦ ಮತ್ತು ೫,೫೦೦. ಕಾನೂನು, ನರ್ಸಿಂಗ್ ಮೊದಲಾದುವಕ್ಕೆ ೭,೫೦೦ ಮತ್ತು ೮,೦೦೦. ವೈದ್ಯ, ಎಂಜಿನಿಯರಿಂಗ್ ಮತ್ತು ಸ್ನಾತಕೋತ್ತರ ವ್ಯಾಸಂಗಗಳಿಗೆ ೧೦,೦೦೦ ಮತ್ತು ೧೧,೦೦೦. ಕೃಷಿ ಇಲಾಖೆಯ ಫ್ರೂಟ್ಸ್ ದಾಖಲೆಯಲ್ಲಿ ರೈತನಿಗೆ ಕೊಟ್ಟಿರುವ ಗುರುತಿನ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು, ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಖಾತೆಗೆ ಹಣವನ್ನು ನೇರವಾಗಿ ಜಮೆ ಮಾಡುವುದು ಇದರ ಕ್ರಮ. ನಡುವೆ ದಲ್ಲಾಳಿಗೆ ಸ್ಥಾನವೇ ಇಲ್ಲ. ಆಯಾ ವರ್ಷದ ಅರ್ಹತೆಯನ್ನೂ ದರವನ್ನೂ ರೈತಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ತಿಳಿಯತಕ್ಕದ್ದು.

ಮೋಸಗಾರನು ಪ್ರವೇಶಿಸುವುದು ಇಲ್ಲಿಯೇ. ದೃಷ್ಟಾಂತಕ್ಕಾಗಿ, ಬಿ.ಎ. ಓದುತ್ತಿರುವ ರೈತನ ಮಗಳೊಬ್ಬಳನ್ನು ಊಹಿಸಿಕೊಳ್ಳಬಹುದು. “ನಿಮಗೆ ೫,೫೦೦ ರೂಪಾಯಿ ಮಂಜೂರಾಗಿದೆ, ದಾಖಲೆಯ ವೆಚ್ಚಕ್ಕೆ ೨೫೦ ರೂಪಾಯಿ ಕಟ್ಟಿರಿ” ಎಂದು ಸಂದೇಶ ಬರುತ್ತದೆ. ಮೊತ್ತವು ಸರಿಯಾಗಿಯೇ ಇರುವುದರಿಂದ ಆಕೆಯು ನಂಬುತ್ತಾಳೆ. ೨೫೦ನ್ನು ಕಟ್ಟಿದ ಮೇಲೆ ಒಬ್ಬನು ಫೋನಿನಲ್ಲಿ ಮರ್ಯಾದೆಯಿಂದ ಮಾತನಾಡಿ, “ಹಣ ಜಮೆಯಾಗುವುದಕ್ಕೆ ಯು.ಪಿ.ಐ. ಪಿನ್ನನ್ನು ಒತ್ತಿರಿ, ತಂಗೀ” ಎನ್ನುತ್ತಾನೆ. ಒತ್ತಿದ ಕೂಡಲೆ ಖಾತೆಯಿಂದ ಹಣ ಹೊರಟುಹೋಗುತ್ತದೆ. ಇಲ್ಲಿ ಒಂದೇ ಒಂದು ನಿಯಮವನ್ನು ತಿಳಿದಿದ್ದರೆ ಸಾಕಾಗಿತ್ತು: ಯು.ಪಿ.ಐ.ಯಲ್ಲಿ ಪಿನ್ನು ಬೇಕಾಗುವುದು ಹಣವನ್ನು ಕೊಡುವುದಕ್ಕೆ. ತೆಗೆದುಕೊಳ್ಳುವುದಕ್ಕೆ ಎಂದಿಗೂ ಬೇಕಾಗುವುದಿಲ್ಲ. ಕ್ಯೂ.ಆರ್. ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ನು ಒತ್ತುವುದೂ ಹಣ ಕೊಡುವ ಕೆಲಸವೇ.

೨. ಬೆಲೆಯಿಲ್ಲದ ಪದವಿಗಳ ಮೋಸ.—ಪದವಿ ಕೊಡುವ ಅಧಿಕಾರವು ೧೯೫೬ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾನೂನಿನ ಪ್ರಕಾರ, ಕೇಂದ್ರದ ಅಥವಾ ರಾಜ್ಯದ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೂ, ಶಾಸನವು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೂ ಮಾತ್ರ ಉಂಟು. ಹೆಸರನ್ನು ನೋಡಿ ಮೋಸಹೋಗಬಾರದು. ಆಯೋಗವು ೨೦೨೩ರ ಆಗಸ್ಟಿನಲ್ಲಿ ಪ್ರಕಟಿಸಿದ ೨೦ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ ‘ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ’ ಎಂಬುದೂ ಇದ್ದಿತು. ‘ಸರ್ಕಾರ್’, ‘ವರ್ಲ್ಡ್’, ‘ಓಪನ್’ ಎಂಬ ಮೂರು ದೊಡ್ಡ ಮಾತುಗಳೂ ಒಂದೇ ಹೆಸರಿನಲ್ಲಿದ್ದರೂ ಅದು ಕೊಡುವ ಪದವಿಗೆ ಬೆಲೆಯಿಲ್ಲ.

ನಿಜವಾದ ವಿಶ್ವವಿದ್ಯಾನಿಲಯದ ವಿಷಯದಲ್ಲಿಯೂ ಆಯಾ ವರ್ಷದ ಮನ್ನಣೆಯನ್ನು ವಿಚಾರಿಸತಕ್ಕದ್ದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ೨೦೧೩-೧೪ರಿಂದ ಈಚೆಗೆ ಮನ್ನಣೆಯಿಲ್ಲವೆಂದು ಆಯೋಗವು ೨೦೧೫ರಲ್ಲಿ ಪ್ರಕಟಿಸಿತು. ೨೦೧೮ರಲ್ಲಿ ಮನ್ನಣೆಯು ಮತ್ತೆ ದೊರೆಯಿತು. ಅದು ಸರ್ಕಾರದ ಶಾಸನದಿಂದ ಹುಟ್ಟಿದ ಸಂಸ್ಥೆಯಾಗಿದ್ದರೂ ನಡುವಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಕಳವಳಪಡಬೇಕಾಯಿತು. ಆದಕಾರಣ ಹಣ ಕಟ್ಟುವುದಕ್ಕೆ ಮೊದಲು, ಸಂಸ್ಥೆಯ ಹೆಸರನ್ನು ಮಾತ್ರವಲ್ಲದೆ ಸೇರಬೇಕೆಂದಿರುವ ವ್ಯಾಸಂಗದ ಹೆಸರನ್ನೂ ವರ್ಷವನ್ನೂ ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ವ್ಯವಸಾಯಗಾರರ ಮಕ್ಕಳು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದುಂಟು. ವ್ಯವಸಾಯಶಾಸ್ತ್ರದಲ್ಲಿ ಪದವಿಯನ್ನು ದೂರಶಿಕ್ಷಣದ ಮೂಲಕ ಕೊಡಕೂಡದೆಂದು ಆಯೋಗವು ೨೦೧೯ರಲ್ಲಿ ನಿರ್ಣಯಿಸಿತು. ಕಾರಣವು ಸ್ಪಷ್ಟವಾಗಿದೆ: ಮಣ್ಣನ್ನು ಮುಟ್ಟದೆ, ಪ್ರಯೋಗಶಾಲೆಯನ್ನು ಕಾಣದೆ, ಪೈರಿನ ನಡುವೆ ನಿಲ್ಲದೆ ಈ ವಿದ್ಯೆಯು ಬರುವುದಿಲ್ಲ. “ಮನೆಯಲ್ಲೇ ಕುಳಿತು ಒಂದು ವರ್ಷದಲ್ಲಿ ಬಿ.ಎಸ್ಸಿ. ಅಗ್ರಿಕಲ್ಚರ್” ಎಂಬ ಜಾಹೀರಾತನ್ನು ಕಂಡರೆ ಹೆಚ್ಚಿನ ವಿಚಾರಣೆಯೇ ಬೇಕಾಗಿಲ್ಲ; ಅದು ಮೋಸ. ಗೊಬ್ಬರದ ಮತ್ತು ಕೀಟನಾಶಕದ ಅಂಗಡಿಗಳ ಲೈಸೆನ್ಸಿಗೆ ೨೦೧೫ರ ತಿದ್ದುಪಡಿಗಳಿಂದ ವಿದ್ಯಾರ್ಹತೆಯು ಗೊತ್ತಾದ ಮೇಲೆ, ಅಂಗಡಿ ಇಡಬೇಕೆಂಬ ಯುವಕರಿಗೆ ಇಂಥ ಆಸೆಗಳನ್ನು ತೋರಿಸುವುದು ಸುಲಭವಾಗಿದೆ. ಅಂಗಡಿಗಾರರಿಗೆಂದು ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು ೨೦೦೩ರಲ್ಲಿ ಪ್ರಾರಂಭಿಸಿದ ‘ದೇಸಿ’ ಡಿಪ್ಲೊಮಾ ಒಂದುಂಟು. ಅದು ಸಹ ವಾರಕ್ಕೊಂದು ದಿನದಂತೆ ೪೮ ವಾರ ತರಗತಿಗೂ ಕ್ಷೇತ್ರಕ್ಕೂ ಹೋಗಿ ಕಲಿಯತಕ್ಕದ್ದು. ಸುಳ್ಳು ಪತ್ರವನ್ನು ತಂದವನು ಕೊಟ್ಟ ಹಣವನ್ನೂ ಕಳೆದುಕೊಳ್ಳುತ್ತಾನೆ, ಲೈಸೆನ್ಸನ್ನೂ ಪಡೆಯಲಾರನು.

೩. ಕಂತಿನ ಸಾಲದ ಬಲೆ.—“ಮೊದಲ ತಿಂಗಳು ಉಚಿತ” ಎಂದು ಹೇಳಿ ತಂದೆತಾಯಿಗಳಿಂದ ಮೊಬೈಲಿನಲ್ಲಿ ಒಪ್ಪಿಗೆಯ ಗುರುತನ್ನು ಒತ್ತಿಸಿಕೊಂಡು, ಪಾಠದ ಶುಲ್ಕವನ್ನು ಅವರ ಹೆಸರಿನ ಸಾಲವಾಗಿ ಮಾಡುವುದುಂಟು. ಮಗುವು ಪಾಠವನ್ನು ಬಿಟ್ಟರೂ ಕಂತು ಬಿಡುವುದಿಲ್ಲ. ಕೇಂದ್ರದ ಶಿಕ್ಷಣ ಮಂತ್ರಾಲಯವು ೨೦೨೧ರ ಡಿಸೆಂಬರ್ ೨೩ರಂದು ಇಂಥ ಕಂಪೆನಿಗಳ ವಿಷಯದಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟು, ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಒಪ್ಪಂದಕ್ಕೆ ಒಳಗಾಗಬೇಡಿರೆಂದೂ, ಷರತ್ತುಗಳನ್ನು ಓದಿ ತಿಳಿಯಿರೆಂದೂ ಸೂಚಿಸಿತು. ಓದಿ ಅರ್ಥವಾಗದ ಪತ್ರಕ್ಕೆ ಹೆಬ್ಬೆಟ್ಟು ಒತ್ತಬಾರದೆಂಬ ಹಳೆಯ ಬುದ್ಧಿವಾದವು ಮೊಬೈಲಿನ ಗುಂಡಿಗೂ ಸಲ್ಲುತ್ತದೆ.

೪. ಖಾತೆಯನ್ನು ಬಾಡಿಗೆಗೆ ಕೇಳುವುದು.—ಓದಿನ ಬಿಡುವಿನಲ್ಲಿ ಮನೆಯಿಂದಲೇ ಸಂಪಾದಿಸಬಹುದೆಂದು ಹುಡುಗರನ್ನು ಒಲಿಸಿಕೊಂಡು, ಮೊದಲು ನೂರಿನ್ನೂರು ರೂಪಾಯಿ ಕೊಟ್ಟು, ಬಳಿಕ “ನಿನ್ನ ಖಾತೆಗೆ ಹಣ ಬರುತ್ತದೆ, ಅದನ್ನು ಮುಂದಕ್ಕೆ ಕಳುಹಿಸಿದರೆ ನಿನಗಿಷ್ಟು ಪಾಲು” ಎನ್ನುವರು. ಬರುವ ಹಣವು ಬೇರೆ ಯಾರನ್ನೋ ವಂಚಿಸಿ ತಂದದ್ದು. ವಂಚಿತನು ದೂರು ಕೊಟ್ಟಾಗ ಪೊಲೀಸರು ಹಿಡಿಯುವ ಮೊದಲ ಎಳೆಯೇ ಈ ಖಾತೆ. ಖಾತೆಯು ಸ್ತಂಭಿತವಾಗುವುದು, ವಿದ್ಯಾರ್ಥಿವೇತನವೂ ಅದರಲ್ಲಿಯೇ ಸಿಕ್ಕಿಕೊಳ್ಳುವುದು, ಏನೂ ಅರಿಯದ ಹುಡುಗನು ಹೊರರಾಜ್ಯದ ಠಾಣೆಗೆ ಉತ್ತರ ಹೇಳಬೇಕಾಗುವುದು. ಉಳಿದ ಮೋಸಗಳಲ್ಲಿ ಹಣ ಹೋಗುತ್ತದೆ. ಇದರಲ್ಲಿ ಹೆಸರೂ ಹೋಗುತ್ತದೆ. ಬ್ಯಾಂಕಿನ ಪುಸ್ತಕವನ್ನಾಗಲಿ, ಎ.ಟಿ.ಎಂ. ಕಾರ್ಡನ್ನಾಗಲಿ, ಸಿಮ್ಮನ್ನಾಗಲಿ ಸ್ನೇಹಿತನಿಗೂ ಕೊಡತಕ್ಕದ್ದಲ್ಲ.

೫. ಎ.ಪಿ.ಕೆ. ಕಡತಗಳು.—ಪರೀಕ್ಷೆಯ ಫಲಿತಾಂಶ, ಪ್ರವೇಶಪತ್ರ, ಪಿ.ಎಂ. ಕಿಸಾನ್ ಪಟ್ಟಿ ಎಂಬ ಹೆಸರುಗಳನ್ನಿಟ್ಟುಕೊಂಡು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಕಡತಗಳ ಕೊನೆಯಲ್ಲಿ ‘ಎ.ಪಿ.ಕೆ.’ ಎಂಬ ಮೂರು ಅಕ್ಷರಗಳಿದ್ದರೆ, ಅದು ಓದುವ ಕಾಗದವಲ್ಲ, ಮೊಬೈಲಿನೊಳಗೆ ನೆಲಸುವ ಒಂದು ಯಂತ್ರವೆಂದು ತಿಳಿಯಬೇಕು. ಕಾಂಡಕೊರಕವು ಹೊರಕ್ಕೆ ಕಾಣದೆ ಒಳಗೇ ಇದ್ದು ಸುಳಿಯನ್ನು ಒಣಗಿಸುವಂತೆ, ಇದು ಒಳಗಿದ್ದುಕೊಂಡು ಬ್ಯಾಂಕಿನಿಂದ ಬರುವ ಒ.ಟಿ.ಪಿ.ಗಳನ್ನು ಕದ್ದು ಓದಿ ಮೋಸಗಾರನಿಗೆ ಮುಟ್ಟಿಸುತ್ತದೆ. ಕಳುಹಿಸಿದವನು ಪರಿಚಿತನೇ ಆಗಿದ್ದರೂ ಇದನ್ನು ತೆರೆಯತಕ್ಕದ್ದಲ್ಲ. ಅವನ ಮೊಬೈಲಿಗೆ ಮೊದಲೇ ಈ ಹುಳು ತಗುಲಿರಬಹುದು.

ಮೋಸವನ್ನು ಗುರುತಿಸುವ ಲಕ್ಷಣಗಳು

ಮೇಲೆ ಹೇಳಿದ ಐದು ಬಗೆಗಳಿಗೂ ಹೊರಗಿನ ವೇಷ ಬೇರೆಬೇರೆಯಾಗಿದ್ದರೂ ಲಕ್ಷಣಗಳು ಹೆಚ್ಚಾಗಿ ಒಂದೇ. ನಾಳೆ ಹೊಸ ಬಗೆಯೊಂದು ಹುಟ್ಟಿದರೂ ಅದರಲ್ಲಿ ಇವುಗಳ ಪೈಕಿ ಒಂದೆರಡಾದರೂ ಕಾಣದೆ ಇರವು.

(ಅ) ಅವಸರ. “ಈ ದಿವಸವೇ ಕೊನೆ, ಇನ್ನು ಹತ್ತು ನಿಮಿಷ” ಎಂದು ಒತ್ತಾಯಪಡಿಸುವುದು. ಯೋಚಿಸುವುದಕ್ಕೂ ಹಿರಿಯರನ್ನು ಕೇಳುವುದಕ್ಕೂ ಅವಕಾಶ ಕೊಡದಿರುವುದೇ ಇದರ ಉದ್ದೇಶ.

(ಆ) ಕೊಡುವುದಕ್ಕೆ ಮೊದಲು ಕೇಳುವುದು. ಸಹಾಯಧನವನ್ನು ಕೊಡುವೆನೆನ್ನುವವನು ತಾನೇ ಮೊದಲು ಹಣ ಕೇಳಿದರೆ ಅದು ಸಹಾಯವಲ್ಲ.

(ಇ) ಗುಟ್ಟು. ಒ.ಟಿ.ಪಿ., ಪಿನ್ನು, ಪಾಸ್‌ವರ್ಡುಗಳನ್ನು ಕೇಳುವುದು, ಮೊಬೈಲಿನ ಪರದೆಯನ್ನು ದೂರದಿಂದ ನೋಡುವ ಆ್ಯಪನ್ನು ಹಾಕಿಸುವುದು, ಅಥವಾ “ಮನೆಯಲ್ಲಿ ಯಾರಿಗೂ ಹೇಳಬೇಡ” ಎನ್ನುವುದು.

(ಈ) ವಿಳಾಸದ ವ್ಯತ್ಯಾಸ. ಅಂತರ್ಜಾಲದ ವಿಳಾಸದಲ್ಲಿ ಮುಖ್ಯವಾದುದು ಹೆಸರಿನ ಕೊನೆಯ ಭಾಗ. ಸರ್ಕಾರದ ತಾಣಗಳು ‘ಜಿಓವಿ ಡಾಟ್ ಇನ್’ ಎಂದೂ, ವಿದ್ಯಾಸಂಸ್ಥೆಗಳ ತಾಣಗಳು ಸಾಮಾನ್ಯವಾಗಿ ‘ಎಸಿ ಡಾಟ್ ಇನ್’ ಅಥವಾ ‘ಇಡಿಯು ಡಾಟ್ ಇನ್’ ಎಂದೂ ಕೊನೆಗೊಳ್ಳುತ್ತವೆ. ಬ್ಯಾಂಕುಗಳು ೨೦೨೫ರ ಅಕ್ಟೋಬರ್ ೩೧ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಗೆ ಬದಲಾಯಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಹೆಸರಿನ ನಡುವೆ ‘ಜಿಓವಿ’ ಎಂದಿದ್ದು ಕೊನೆಯಲ್ಲಿ ಬೇರೆ ಏನಾದರೂ ಇದ್ದರೆ ಅದು ಸರ್ಕಾರದ್ದಲ್ಲ.

ಮುಂಜಾಗ್ರತೆಯ ಉಪಾಯಗಳು

ರೋಗ ಬಂದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಬೀಜೋಪಚಾರವು ಅಗ್ಗವಾದುದು. ಇಲ್ಲಿ ಹೇಳುವ ಉಪಾಯಗಳಿಗೆ ಖರ್ಚು ಬಹಳ ಸ್ವಲ್ಪ.

ಮೊದಲನೆಯದಾಗಿ, ಬೆಳೆಯ ಹಣದ ಖಾತೆಯನ್ನೂ ಓದಿನ ಖಾತೆಯನ್ನೂ ಬೇರ್ಪಡಿಸತಕ್ಕದ್ದು. ಕನಿಷ್ಠ ಮೊತ್ತವಿಲ್ಲದ ಮೂಲ ಉಳಿತಾಯ ಖಾತೆಯನ್ನು ವಿದ್ಯಾರ್ಥಿಯ ಹೆಸರಿನಲ್ಲಿಯೇ ತೆರೆದು, ಆಧಾರ್ ಜೋಡಿಸಿ, ವಿದ್ಯಾರ್ಥಿವೇತನವು ಅದಕ್ಕೆ ಬರುವಂತೆಯೂ, ಶುಲ್ಕಕ್ಕೆ ಬೇಕಾದಷ್ಟು ಹಣ ಮಾತ್ರ ಅದರಲ್ಲಿರುವಂತೆಯೂ ಮಾಡಬೇಕು. ಮಕ್ಕಳು ಬಳಸುವ ಮೊಬೈಲಿನಲ್ಲಿ ಯಜಮಾನನ ಖಾತೆಯ ಯು.ಪಿ.ಐ. ಇರಬಾರದು, ಯಜಮಾನನ ಖಾತೆಗೆ ಸೇರಿದ ಸಿಮ್ಮನ್ನು ಅಗ್ಗದ ಗುಂಡಿ ಮೊಬೈಲಿನಲ್ಲಿ ಬೇರೆಯಾಗಿ ಇಟ್ಟುಕೊಂಡರೆ ಮತ್ತೂ ಉತ್ತಮ. ಕಣಜವೂ ಅಡಿಗೆಮನೆಯ ಡಬ್ಬಿಯೂ ಬೇರೆಯಾಗಿದ್ದರೆ ಇಲಿಯು ಡಬ್ಬಿಗೆ ಬಿದ್ದರೂ ಕಣಜವು ಉಳಿಯುತ್ತದೆ.

ಎರಡನೆಯದಾಗಿ, ಹೊಗೆಸೊಪ್ಪಿನ ಹರಾಜಿನ ಕಾಲದಲ್ಲಿ ವಿಶೇಷವಾಗಿ ಎಚ್ಚರದಿಂದಿರತಕ್ಕದ್ದು. ಖಾತೆಯಲ್ಲಿ ಹಣವಿರುವ ತಿಂಗಳುಗಳು ಇವು. ಖಾತೆಯಿಂದ ಒಂದು ದಿನಕ್ಕೆ ಹೊರಗೆ ಹೋಗಬಹುದಾದ ಮೊತ್ತಕ್ಕೆ ಮಿತಿಯನ್ನು ಗೊತ್ತುಮಾಡಿಕೊಡಬೇಕೆಂದು ಬ್ಯಾಂಕಿನಲ್ಲಿ ಕೇಳಬಹುದು.

ಮೂರನೆಯದಾಗಿ, ಮನೆಯಲ್ಲಿ ಒಂದು ಕಟ್ಟುಪಾಡನ್ನು ಮಾಡಿಕೊಳ್ಳಬೇಕು: ಓದಿನ ವಿಷಯವಾಗಿ ಯಾರು ಹಣ ಕೇಳಿದರೂ ಒಂದು ರಾತ್ರಿ ಕಳೆಯದೆ ಕೊಡುವುದಿಲ್ಲವೆಂದು. ಮಾರನೆಯ ದಿನ ರೈತಸಂಪರ್ಕ ಕೇಂದ್ರದಲ್ಲಾಗಲಿ, ಕಾಲೇಜಿನ ಕಚೇರಿಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ ವಿಚಾರಿಸಬೇಕು. ಸಂದೇಶದಲ್ಲಿ ಕೊಟ್ಟಿರುವ ಸಂಖ್ಯೆಗೇ ಫೋನು ಮಾಡಿ ವಿಚಾರಿಸಿದರೆ ಪ್ರಯೋಜನವಿಲ್ಲ. ಎತ್ತು ಮಾರುವವನನ್ನೇ ಎತ್ತು ಹೇಗಿದೆಯೆಂದು ಕೇಳಿದಂತಾಗುವುದು. ನಿಜವಾದ ವಿದ್ಯಾರ್ಥಿವೇತನವು ಒಂದು ರಾತ್ರಿಯಲ್ಲಿ ಓಡಿಹೋಗುವುದಿಲ್ಲ.

ಮೋಸಹೋದ ಮೇಲೆ ಮಾಡತಕ್ಕದ್ದು

ಹಣ ಹೋಯಿತೆಂದು ತಿಳಿದ ಕೂಡಲೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಬೇಕು. ಮೊದಲು ೨೦೨೧ರಲ್ಲಿ ೧೫೫೨೬೦ ಎಂಬ ಸಂಖ್ಯೆಯಲ್ಲಿ ಪ್ರಾರಂಭವಾದ ಈ ಏರ್ಪಾಡು ಈಗ ೧೯೩೦ರಲ್ಲಿ ನಡೆಯುತ್ತಿದೆ. ಮೋಸದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹರಿಯುತ್ತ ಹೋಗುತ್ತದೆ. ದೂರು ಬೇಗನೆ ಬಂದರೆ ಬ್ಯಾಂಕುಗಳು ಅದನ್ನು ದಾರಿಯಲ್ಲಿಯೇ ತಡೆಯಬಲ್ಲವು. ಒಡೆದ ಬದುವಿಗೆ ಮೊದಲ ಗಳಿಗೆಯಲ್ಲಿ ಒಂದು ಮಂಕರಿ ಮಣ್ಣು ಸಾಕು. ಸಂಜೆಯ ವೇಳೆಗೆ ಒಂದು ಗಾಡಿಯೂ ಸಾಲದು. ಫೋನು ಮಾಡುವಾಗ ಹಣ ಹೋದ ವೇಳೆ, ಮೊತ್ತ, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ, ಇವು ಕೈಯಲ್ಲಿರಬೇಕು. ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಬ್ಯಾಂಕಿಗೂ ಆಗಲೇ ತಿಳಿಸಿ ಖಾತೆಯನ್ನು ತಡೆಹಿಡಿಯಿಸಬೇಕು. ‘ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್’ ಎಂಬ ತಾಣದಲ್ಲಿಯೂ, ಸಮೀಪದ ಪೊಲೀಸು ಠಾಣೆಯಲ್ಲಿಯೂ ದೂರು ಕೊಡಬಹುದು. ಹಣ ಹೋಗದೆ ಕೇವಲ ಸಂಶಯದ ಕರೆ ಬಂದಿದ್ದರೆ ಸಂಚಾರ್ ಸಾಥಿಯ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು.

ತಡಮಾಡಬಾರದೆಂಬುದಕ್ಕೆ ಇನ್ನೊಂದು ಕಾರಣವುಂಟು. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಷ್ಟವು ಗ್ರಾಹಕನ ಮೇಲೆ ಬೀಳಕೂಡದೆಂದು ಗೊತ್ತುಮಾಡಿತು. ಗ್ರಾಹಕನೇ ಗುಟ್ಟನ್ನು ಹೇಳಿಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟವು ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದೂ ಅದರಲ್ಲಿ ಹೇಳಿತು. ತಪ್ಪು ಯಾರದೇ ಆಗಿರಲಿ, ಬೇಗನೆ ತಿಳಿಸಿದವನಿಗೆ ನಷ್ಟವು ಕಡಿಮೆ.

ಬೇಗನೆ ತಿಳಿಸುವುದಕ್ಕೆ ಹಳ್ಳಿಗಳಲ್ಲಿ ಇರುವ ದೊಡ್ಡ ಅಡ್ಡಿಯು ಮೊಬೈಲಿನದೂ ಅಲ್ಲ, ಬ್ಯಾಂಕಿನದೂ ಅಲ್ಲ; ಅದು ಹೆದರಿಕೆ. ಅಪ್ಪನ ಹೊಗೆಸೊಪ್ಪಿನ ಹಣವನ್ನು ಕಳೆದೆನೆಂದು ಹೇಳುವ ಧೈರ್ಯವು ಹದಿನೆಂಟು ವರ್ಷದ ಮಗುವಿಗೆ ಬರುವುದು ಸುಲಭವಲ್ಲ. ಎರಡು ದಿನ ಮುಚ್ಚಿಟ್ಟರೆ ತಡೆಯಬಹುದಾಗಿದ್ದ ಹಣವೂ ಕೈಬಿಡುತ್ತದೆ. ಹೋದುದನ್ನು ಗುಟ್ಟಾಗಿ ತುಂಬಿಕೊಡಬೇಕೆಂದು ಹೊರಟ ಹುಡುಗನು ಸಾಲದ ಆ್ಯಪುಗಳಿಗೆ ಸಿಕ್ಕುತ್ತಾನೆ. ಕೆಲವರು ಓದನ್ನೇ ಬಿಡುತ್ತಾರೆ. ಆದಕಾರಣ ತಂದೆತಾಯಿಗಳು ಮುಂಚಿತವಾಗಿಯೇ ಮಕ್ಕಳಿಗೆ ಒಂದು ಮಾತನ್ನು ಕೊಟ್ಟಿರತಕ್ಕದ್ದು: “ಏನಾದರೂ ಆದರೆ ಮೊದಲು ನಮಗೆ ಹೇಳು, ಬಯ್ಯುವುದಿಲ್ಲ.” ಆನೆಕಲ್ಲು ಮಳೆಯಿಂದ ಹಾಳಾದ ಹೊಲಕ್ಕಾಗಿ ಮಗನನ್ನು ಹೊಡೆಯುವವರು ಯಾರೂ ಇಲ್ಲ. ಈ ನಷ್ಟಕ್ಕೂ ಮೂಲಕಾರಣನು ಮನೆಯ ಮಗುವಲ್ಲ, ಹೊರಗಿನ ಕಳ್ಳ.

ರೈತರು ಮೂರು ಮಾತುಗಳನ್ನು ಮನೆಯ ಗೋಡೆಯ ಮೇಲೆ, ಮಕ್ಕಳು ಓದುವ ಸ್ಥಳದಲ್ಲಿ, ಬರೆದಿಟ್ಟರೆ ಒಳ್ಳೆಯದು. ಹಣ ಬರುವುದಕ್ಕೆ ಪಿನ್ನು ಬೇಕಾಗಿಲ್ಲ. ಒಂದು ರಾತ್ರಿ ಕಳೆಯದೆ, ಒಬ್ಬರನ್ನು ಕೇಳದೆ ಹಣ ಕೊಡುವುದಿಲ್ಲ. ಮೋಸಹೋದರೆ ಮೊದಲು ಮನೆಯವರಿಗೆ, ಕೂಡಲೆ ೧೯೩೦ಕ್ಕೆ. ಇವುಗಳನ್ನು ಪಾಲಿಸುವ ಮನೆಯಲ್ಲಿ ಮೊಬೈಲು ಮಕ್ಕಳಿಗೆ ಪುಸ್ತಕದಷ್ಟೇ ಉಪಕಾರಿಯಾಗಿರುವುದು. ಬೆಳೆದ ಬೆಳೆಯ ಹಣವೂ ಬೆಳೆದವನ ಕೈಯಲ್ಲಿಯೇ ಉಳಿಯುವುದು.